ಐ ಲವ್ ಯೂ ಬಿಡಿ, ‘ನಂಗೆ’ ಹಿಡೀರಿ

ನಮಸ್ಕಾರ ಮಾರಾಯ್ರೆ, ಎಲ್ಲರಿಗೂ. ಇವತ್ತು ಬಂಗಡೆ ರೇಟಿನ ಬಗ್ಗೆ ಮಾತಾಡೋದಿತ್ತು. ಅದು ಮುಂದಿನ ವಾರಕ್ಕೆ ಹೋಯ್ತು. ಯಾಕಂದ್ರೆ ಕಳೆದ ವೀಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. ಇದ್ದ ಹಾಗೇ ಓದ್ತೇನೆ: “ಸರ್, ಟ್ರಿಪ್ ಹೋಗುವವರಿಗೆ 20 ಭಾಷೆಯಲ್ಲಿ ಐ ಲವ್ ಯೂ ಹೇಳೋದು ಹೇಗೆ ಅಂತ ಒಂದು ಲಿಸ್ಟ್ ಹಾಕಿ. ಆ್ಯಪಲ್ಲೂ ಇದೆ, ಆದ್ರೆ ನೀವು ಹೇಳಿದ್ರೆ ಮಜಾ.”

ಆ್ಯಪಲ್ಲೂ ಇದೆ ಅಂತೆ. ಅಲ್ಲೇ ನೋಡಿ ತಲೆ ಬಿಸಿ ಆಗೋದು.

ಮೊದಲು ಒಂದು ಪ್ರಶ್ನೆ. ಕನ್ನಡದಲ್ಲಿ ಯಾರಾದ್ರೂ ಯಾರಿಗಾದ್ರೂ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಬಾಯಿಬಿಟ್ಟು ಹೇಳಿದ್ದು ಕೇಳಿದ್ದೀರಾ? ಹೇಳಿದ್ರೆ ಪ್ರದೇಶ ಸಮಾಚಾರ ಓದಿದ ಹಾಗೆ ಇರತ್ತೆ. ಹುಡುಗಿ ‘ಮುಂದೆ ಹವಾ ವರ್ತಮಾನ’ ಅಂತ ಕಾಯ್ತಾಳೆ. ನಾವು ಹೇಳೋದು ಎಂತ? ‘ನಂಗೆ ನೀನಂದ್ರೆ ಇಷ್ಟ.’ ಶಿರಸಿ ಕಡೆ ಹವ್ಯಕರ ಮನೆಯಲ್ಲಿ ಕೇಳಿ, ‘ಯಂಗೆ ನೀ ಅಂದ್ರೆ ರಾಶಿ ಇಷ್ಟ.’ ಮುಗೀತು. ಆ ‘ರಾಶಿ’ಯಲ್ಲೇ ಅರ್ಧ ಕೆಲಸ ಆಗಿ ಹೋಗತ್ತೆ.

ಇದರಲ್ಲಿ ‘ನಾನು’ ಎಲ್ಲಿದೆ? ಇಲ್ಲ. ಇರೋದು ‘ನಂಗೆ’. ನಂಗೆ ಹಸಿವು, ನಂಗೆ ಚಳಿ, ನಂಗೆ ನಿದ್ದೆ, ನಂಗೆ ನೀನು ಇಷ್ಟ. ಹಸಿವಿನ ಸಾಲಲ್ಲೇ ಪ್ರೀತಿಯನ್ನೂ ಕೂರಿಸಿದ ಭಾಷೆ ಇದು. ಶಾಲೆಯಲ್ಲಿ ಚತುರ್ಥಿ ವಿಭಕ್ತಿ ಅಂತ ಬಾಯಿಪಾಠ ಮಾಡಿದ್ದೀರಲ್ಲ, ಗೆ, ಇಗೆ, ಕ್ಕೆ, ಅದೇ. ಪರೀಕ್ಷೆಗೆ ಎರಡು ಮಾರ್ಕಿಗೆ ಓದಿ ಬಿಟ್ಟಿದ್ದು ಇವತ್ತು ಕೆಲಸಕ್ಕೆ ಬರತ್ತೆ.

ನನ್ನ ಮಾತು ಇಷ್ಟೇ. ಬೇರೆ ಊರಿಗೆ ಹೋದಾಗ, ಬೇರೆ ಭಾಷೆಯವರ ಮೇಲೆ ಮನಸ್ಸಾದಾಗ, ಐ ಲವ್ ಯೂ ಅನ್ನೋದರ ಅನುವಾದ ಹುಡುಕಬೇಡಿ. ಆ ಭಾಷೆಯಲ್ಲಿ ‘ನಂಗೆ’ ಎಲ್ಲಿದೆ ಅಂತ ಹುಡುಕಿ.

ಹಿಂದಿಯಿಂದ ಶುರು ಮಾಡುವ. ಆ್ಯಪ್ ಕೊಡೋದು ‘ಮೈ ತುಮ್ಸೇ ಪ್ಯಾರ್ ಕರ್ತಾ ಹೂಂ’. ಇದು ಗಂಡಸು ಹೇಳೋ ವಾಕ್ಯ. ಹೆಂಗಸಾದ್ರೆ ‘ಕರ್ತೀ ಹೂಂ’. ನಮ್ಮ ಕಡೆಯವರ ಹಿಂದಿ ಹೇಗೆ ಅಂತ ಗೊತ್ತಲ್ಲ, ಬಸ್ಸು ಬರ್ತಾನೆ, ರೈಲು ಬರ್ತಾಳೆ. ನಮ್ಮ ಹುಡುಗಿ ‘ಕರ್ತಾ ಹೂಂ’ ಅಂತಾಳೆ, ಎದುರಿಗಿದ್ದವನು ನಗ್ತಾನೆ, ಕಥೆ ಅಲ್ಲಿಗೆ ಮುಗೀತು. ಈಗ ‘ನಂಗೆ’ ತನ್ನಿ: ‘ಮುಝೇ ತುಮ್ಸೇ ಪ್ಯಾರ್ ಹೈ.’ ಗಂಡು ಹೇಳಿದ್ರೂ ಅದೇ, ಹೆಣ್ಣು ಹೇಳಿದ್ರೂ ಅದೇ. ತಾ, ತೀ ಎರಡೂ ಹೋಯ್ತು. ತಪ್ಪೋದಕ್ಕೆ ಜಾಗವೇ ಇಲ್ಲ.

ಮರಾಠಿಗೆ ಬನ್ನಿ. ‘ಮೀ ತುಝ್ಯಾವರ್ ಪ್ರೇಮ್ ಕರತೋ’, ಹೆಣ್ಣಾದ್ರೆ ‘ಕರತೇ’. ಮತ್ತೆ ಅದೇ ಗೋಳು. ‘ನಂಗೆ’ ದಾರಿ: ‘ಮಲಾ ತೂ ಆವಡತೇಸ್’ ಹುಡುಗಿಗೆ, ‘ಮಲಾ ತೂ ಆವಡತೋಸ್’ ಹುಡುಗನಿಗೆ. ಇಲ್ಲಿ ಕ್ರಿಯಾಪದ ಬದಲಾಗೋದು ಕೇಳುವವರನ್ನ ನೋಡಿ. ಹೇಳುವವರು ಗಂಡೋ ಹೆಣ್ಣೋ ಲೆಕ್ಕಕ್ಕೇ ಇಲ್ಲ. ಪ್ರೀತಿ ಹೇಳೋವಾಗ ಎದುರಿಗಿದ್ದವರನ್ನ ನೋಡಬೇಕು ಅಂತ ವ್ಯಾಕರಣವೇ ಹೇಳ್ತದೆ. ಇನ್ನೆಂತ ಬೇಕು ಮಾರಾಯ್ರೆ?

ಇನ್ನು ನಮ್ಮ ಕೊಂಕಣಿ. ಕಾರವಾರದಲ್ಲಿ ಕೂತು ಇದನ್ನ ಬಿಟ್ರೆ ನನ್ನನ್ನ ಕಾಳಿ ಹೊಳೆ ದಾಟಿಸ್ತಾರೆ. ‘ಹಾಂವ್ ತುಜೊ ಮೋಗ್ ಕರ್ತಾಂ.’ ಅಕ್ಷರಕ್ಕೆ ಅಕ್ಷರ ಇಟ್ರೆ ‘ನಾನು ನಿನ್ನ ಪ್ರೀತಿ ಮಾಡ್ತೇನೆ’. ಹೊರಗಿನವರು ಎಡವೋ ಜಾಗ ‘ತುಜೊ’. ಹುಡುಗಿ ಅಲ್ವಾ ಅಂತ ‘ತುಜಿ ಮೋಗ್’ ಅಂತಾರೆ. ತಪ್ಪು. ಕೊಂಕಣಿಯಲ್ಲಿ ಮೋಗ್ ಪುಲ್ಲಿಂಗ. ಎದುರಿಗೆ ಯಾರೇ ಇರಲಿ, ‘ತುಜೊ’. ಸಾರಸ್ವತರ ಮನೆಯಲ್ಲಾದ್ರೆ ‘ತುಗೆಲೊ’ ಕೇಳ್ತೀರಿ. ಮಾಜಾಳಿ ಗಡಿ ದಾಟಿ ಗೋವಾಕ್ಕೆ ಹೋದ್ರೆ ರಾಗ ಬದಲಾಗತ್ತೆ, ಮೋಗ್ ಬದಲಾಗಲ್ಲ. ಈಗ ‘ನಂಗೆ’ ಎಲ್ಲಿ? ‘ಮಾಕಾ ತೂಂ ಜಾಯ್.’ ನಂಗೆ ನೀನು ಬೇಕು. ಎರಡೇ ಉಸಿರು. ಒಂದೇ ತೊಂದರೆ ಅಂದ್ರೆ ಮೀನು ಮಾರ್ಕೆಟ್ಟಲ್ಲಿ ‘ಮಾಕಾ ಬಾಂಗ್ಡೆ ಜಾಯ್’ ಅನ್ನೋದೂ ಇದೇ ಜಾಯ್. ಹಾಗಾಗಿ ಬುಟ್ಟಿ ಹಿಡಿದುಕೊಂಡು ನಿಂತಾಗ ಹೇಳಬೇಡಿ. ಮತ್ತೆ ಜಾಯ್ ಕಲಿತವರು ‘ನಾಕಾ’ನೂ ಕಲೀಬೇಕು. ಬೇಡ ಅಂತ. ಅವರು ನಾಕಾ ಅಂದ್ರೆ ನಾಕಾ. ಅಲ್ಲಿಂದ ಮುಂದೆ ಯಾವ ಭಾಷೆಯ ಪಾಠವೂ ಇಲ್ಲ, ಮನೆಗೆ ಹೋಗಿ.

ನಡುವೆ ಒಂದು ಸಣ್ಣ ಜಾಹೀರಾತು, ನಮ್ಮದೇ. ‘ನಂಗೆ’ ಅಂತ ಮಾತ್ರ ಬರೆದ ಟೀ ಶರ್ಟ್ ಮಾಡಿಸಿದ್ದೇವೆ. ಮುಂದೆ ‘ನಂಗೆ’, ಹಿಂದೆ ಖಾಲಿ. ಹಿಂದಿನದ್ದು ನೀವೇ ತುಂಬಿಸಿಕೊಳ್ಳಿ, ‘ನೀನು’ ಅಂತಾದ್ರೂ ಸೈ, ‘ಊಟ’ ಅಂತಾದ್ರೂ ಸೈ. ಮೀಡಿಯಂ ಸೈಜ್ ಖಾಲಿ, ಡಬಲ್ ಎಕ್ಸೆಲ್ ರಾಶಿ ಬಿದ್ದಿದೆ.

ಈಗ ರೈಲು ಹತ್ತಿ. ನೇತ್ರಾವತಿ ಎಕ್ಸ್‌ಪ್ರೆಸ್, ತಿರುವನಂತಪುರದಿಂದ ಮುಂಬೈಗೆ ಹೋಗೋದು, ನಮ್ಮ ಕಾರವಾರದ ಮೇಲೇ ಹಾಯ್ದು. ಒಂದೇ ರೈಲಲ್ಲಿ ಮಲಯಾಳಂ, ತುಳು, ಕನ್ನಡ, ಕೊಂಕಣಿ, ಮರಾಠಿ. ಐದರಲ್ಲೂ ‘ನಂಗೆ’ ಇದೆ: ಎನಿಕ್ಕ್, ಎಂಕ್, ನಂಗೆ, ಮಾಕಾ, ಮಲಾ. ಹಳಿ ಒಂದೇ, ವಿಭಕ್ತಿ ಒಂದೇ! ಮಲಯಾಳಂನಲ್ಲಿ ‘ಎನಿಕ್ಕ್ ನಿನ್ನೆ ಇಷ್ಟಮಾಣ್’. ಆ್ಯಪ್ ಮಾತ್ರ ‘ಞಾನ್ ನಿನ್ನೆ ಸ್ನೇಹಿಕ್ಕುನ್ನು’ ಅಂತ ಎದುರಿಗಿಡ್ತದೆ, ನಮ್ಮವರು ‘ಓ, ಸ್ನೇಹ ಅಂದ್ರೆ ಫ್ರೆಂಡ್‌ಶಿಪ್ಪು’ ಅಂದ್ಕೊಂಡು ಧೈರ್ಯವಾಗಿ ಸಹೋದ್ಯೋಗಿಗೆ ಕಳಿಸ್ತಾರೆ. ಅಲ್ಲಿ ಸ್ನೇಹಿಕ್ಕುನ್ನು ಅಂದ್ರೆ ಪ್ರೀತಿಯೇ. ಸೋಮವಾರ ಆಫೀಸಲ್ಲಿ ಅನುಭವಿಸಿ.

ತೆಲುಗು: ‘ನಾಕು ನುವ್ವಂಟೆ ಇಷ್ಟಂ.’ ಇದಕ್ಕೆ ಅನುವಾದವೇ ಬೇಡ, ನಮ್ಮ ವಾಕ್ಯಕ್ಕೆ ಅಂಗಿ ಬದಲಿಸಿದ ಹಾಗೆ. ತಮಿಳು ಇನ್ನೂ ಚಂದ: ‘ಎನಕ್ಕು ಉನ್ನ ಪುಡಿಚ್ಚಿರುಕ್ಕು.’ ಈ ಪುಡಿ ಬರಹದಲ್ಲಿ ಪಿಡಿ, ನಮ್ಮ ಹಳಗನ್ನಡದ್ದೂ ಪಿಡಿ, ಈಗಿನ ಹಿಡಿ. ‘ನಂಗೆ ನೀನು ಹಿಡಿಸಿದ್ದೀಯ.’ ನಾವು ಸೀರೆ ಹಿಡಿಸ್ತು ಅಂತೇವೆ, ಅವರು ಮನುಷ್ಯರನ್ನೇ ಹಿಡಿಸಿಕೊಳ್ತಾರೆ. ಇದೆಲ್ಲ ಬಿಟ್ಟು ‘ಕಾದಲಿಕ್ಕಿರೇನ್’ ಅಂತ ಪುಸ್ತಕದ ತಮಿಳು ಒದರೋದು ಯಾವ ಕರ್ಮಕ್ಕೆ?

ಈಗ ಕೇಳ್ತೀರಿ, ಇದು ನಮ್ಮ ದೇಶದಲ್ಲಿ ಸರಿ, ಫಾರಿನ್ನಲ್ಲಿ? ಫಾರಿನ್ನಿಗೆ ಹೋಗೋದೇ ಬೇಡ, ಗೋಕರ್ಣಕ್ಕೆ ಹೋಗಿ. ಕುಡ್ಲೆ ಬೀಚು, ಓಂ ಬೀಚು, ಸೈನ್ಯದ ಸೇವೆ ಮುಗಿಸಿ ಬರೋ ಇಸ್ರೇಲಿ ಹುಡುಗ ಹುಡುಗಿಯರು. ಕೆಫೆ ಬೋರ್ಡೇ ಹೀಬ್ರೂದಲ್ಲಿ ಇರತ್ತೆ. ಹೀಬ್ರೂದಲ್ಲಿ ಐ ಲವ್ ಯೂ ಹೇಳೋಕೆ ಎರಡು ಲೆಕ್ಕ ಒಟ್ಟಿಗೆ ಮಾಡಬೇಕು. ಹೇಳುವವರು ಗಂಡೋ ಹೆಣ್ಣೋ, ಅದು ಒಂದು. ಕೇಳುವವರು ಗಂಡೋ ಹೆಣ್ಣೋ, ಅದು ಇನ್ನೊಂದು. ಹುಡುಗ ಹುಡುಗಿಗೆ: ‘ಅನೀ ಓಹೇವ್ ಓತಾಖ್.’ ಹುಡುಗಿ ಹುಡುಗನಿಗೆ: ‘ಅನೀ ಓಹೆವೆತ್ ಓತ್ಖಾ.’ ಒಟ್ಟು ನಾಲ್ಕು ಜೋಡಣೆ. ಮಜಾ ಎಂತ ಅಂದ್ರೆ, ಓತಾಖ್ ಮತ್ತೆ ಓತ್ಖಾ ಬರೆಯೋ ಅಕ್ಷರ ಎರಡಕ್ಕೂ ಒಂದೇ. ಸ್ವರದ ಗುರುತು ಹಾಕದೆ ಬರೆಯೋದು ಅಲ್ಲಿನ ರೂಢಿ. ಅಂದ್ರೆ ಪರದೆ ಮೇಲೆ ಬಂದ ಅಕ್ಷರ ನೋಡಿ ಹೇಗೆ ಓದಬೇಕು ಅಂತ ನಿಮಗೆ ಗೊತ್ತೇ ಆಗಲ್ಲ. ಜೊತೆಗೆ ಆ ಖ. ನಮ್ಮ ಖರ್ಜೂರದ ಖ ಅಲ್ಲ ಅದು, ಬಂಗಡೆ ಮುಳ್ಳು ಗಂಟಲಿಗೆ ಸಿಕ್ಕಾಗ ಬರೋ ಸದ್ದು.

ಅಲ್ಲಿಯೂ ದಾರಿ ಇದೆ. ‘ಆತ್ ಮೋತ್ಸೇತ್ ಖೆನ್ ಬೆಎನಾಯ್.’ ಹುಡುಗಿಗೆ ಹೇಳೋದು. ಹುಡುಗನಿಗಾದ್ರೆ ‘ಆತಾ ಮೋತ್ಸೇ ಖೆನ್ ಬೆಎನಾಯ್’. ‘ನನ್ನ ಕಣ್ಣಿಗೆ ನೀನು ಚಂದ ಕಾಣ್ತೀಯ’ ಅನ್ನೋ ಧಾಟಿ, ಅರ್ಥ ‘ನಂಗೆ ನೀನು ಇಷ್ಟ’. ನಾಲ್ಕು ಜೋಡಣೆ ಎರಡಕ್ಕೆ ಇಳೀತು, ನಮ್ಮ ಲಿಂಗ ಮಾಯ, ಮರಾಠಿಯ ಹಾಗೇ. ನೋಡಿದ್ರಾ? ‘ನಂಗೆ’ ಇಲ್ಲದ ಕಡೆ ‘ನನ್ನ ಕಣ್ಣಿಗೆ’ ಅಂತ ಬಂದು ಕೂತಿದೆ. ಹಾಂ, ಪರಿಚಯವೇ ಇಲ್ಲದೆ ಟವೆಲ್ ಹಾಸಿ ಮಲಗಿದವರ ಹತ್ರ ಹೋಗಿ ಇದನ್ನ ಹೇಳಬೇಡಿ. ಅದಕ್ಕೆ ಪೊಲೀಸರ ಭಾಷೆಯಲ್ಲಿ ಬೇರೆ ಹೆಸರಿದೆ.

ರಷ್ಯನ್: ‘ತಿ ಮ್ನ್ಯೆ ನ್ರಾವಿಶ್‌ಸ್ಯಾ.’ ನಡುವಿನ ಮ್ನ್ಯೆ ಅಂದ್ರೆ ನಂಗೆ. ಸ್ಪ್ಯಾನಿಶ್: ‘ಮೆ ಗುಸ್ತಾಸ್.’ ಕೊನೆಯ ಸ್ ಜೋಪಾನ. ‘ಮೆ ಗುಸ್ತಾ’ ಅಂದ್ರೆ ‘ನಂಗೆ ಅದು ಇಷ್ಟ’. ‘ಮೆ ಗುಸ್ತೋ’ ಅಂದ್ರೋ, ‘ನಂಗೆ ನಾನೇ ಇಷ್ಟ’! ಕೆಲವರಿಗೆ ಅದೇ ಸರಿಯಾದ ವಾಕ್ಯ, ಹೆಸರು ಹೇಳಲ್ಲ. ಇಟಾಲಿಯನ್ ‘ಮಿ ಪ್ಯಾಚಿ’. ಫ್ರೆಂಚ್ ‘ತ್ಯು ಮ ಪ್ಲೇ’. ಫ್ರೆಂಚಿನಲ್ಲಿ ಇನ್ನೊಂದು ಹೊಂಡ ಇದೆ. ‘ಜ ತೇಮ್’ ಅಂದ್ರೆ ಪ್ರೀತಿ. ಒತ್ತಿ ಹೇಳೋಣ ಅಂತ ‘ಬ್ಯಾಂ’ ಸೇರಿಸಿ ‘ಜ ತೇಮ್ ಬ್ಯಾಂ’ ಅಂದ್ರೆ ಪ್ರೀತಿ ತೆಳುವಾಗಿ ‘ಒಳ್ಳೆಯವರಪ್ಪ ನೀವು’ ಅನ್ನೋ ಮಟ್ಟಕ್ಕೆ ಇಳಿಯತ್ತೆ. ನೀರು ಸೇರಿಸಿದ ಮಜ್ಜಿಗೆ. ನಮ್ಮಲ್ಲಿ ರಾಶಿ ಸೇರಿಸಿದ್ರೆ ಏರತ್ತೆ, ಅಲ್ಲಿ ಇಳಿಯತ್ತೆ.

ಜಪಾನಿ: ‘ಸುಕಿ ದೆಸ್.’ ಉ ಕೇಳಿಸಬಾರದು, ‘ಸ್ಕಿ ದೆಸ್’ ಅನ್ನೋ ಹಾಗೆ. ನಾನೂ ಬೇಡ, ನೀನೂ ಬೇಡ, ‘ಇಷ್ಟ’ ಅಷ್ಟೇ. ಅದಾದ ಮೇಲೆ ‘ತ್ಸುಕಿಯಾತ್ತೆ ಕುದಸಾಯ್’, ನನ್ನ ಜೊತೆ ಓಡಾಡು ಅಂತ. ‘ಐಶಿತೇರು’ ಅಂತ ದೊಡ್ಡ ಮಾತು ಅಲ್ಲಿಯ ಗಂಡ ಹೆಂಡತಿಯೇ ಅಪರೂಪಕ್ಕೆ ಆಡೋದು. ಆ್ಯಪ್ ನಿಮಗೆ ಕೊಡೋದು ಅದನ್ನೇ!

ಬಂಗಾಳಿ ಮಾತ್ರ ಸ್ವಲ್ಪ ಹಟ. ‘ಆಮಾರ್ ತೋಮಾಕೆ ಭಾಲೋ ಲಾಗೇ.’ ಅಲ್ಲಿ ‘ನಂಗೆ’ ಬದಲು ‘ನನ್ನ’. ಇರಲಿ, ಮಾಫಿ. 1883ರಲ್ಲಿ 22ರ ಹರೆಯದ ರವೀಂದ್ರನಾಥ ಟಾಗೋರ್ ಇಲ್ಲೇ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ದರು, ಬೀಚಿಗೇ ಅವರ ಹೆಸರಿದೆ. ಆ ಒಂದು ಕಾರಣಕ್ಕೆ ಬಂಗಾಳಿಗೆ ರಿಯಾಯ್ತಿ.

ಈಗ ಆಕ್ಷೇಪಣೆಗಳು. ‘ಇಷ್ಟ ಅಂದ್ರೆ ಪ್ರೀತಿ ಅಲ್ಲ, ಲೈಟಾಯ್ತು.’ ಹೌದು, ಲೈಟೇ. ಟ್ರಿಪ್ಪಿನ ಮೂರನೇ ದಿನ ಎಷ್ಟು ಭಾರ ಬೇಕು ನಿಮಗೆ? ಬ್ಯಾಗೇ ಏಳು ಕೆಜಿ ದಾಟಬಾರದು ಅಂತಾರೆ.

‘ಐ ಲವ್ ಯೂ ಅಂದ್ರೆ ಎಲ್ಲರಿಗೂ ಅರ್ಥ ಆಗತ್ತೆ.’ ಆಗತ್ತೆ. ಲಾರಿ ಹಿಂದೆ ಬರೆದಿದ್ದೂ ಅರ್ಥ ಆಗತ್ತೆ, ಕೀ ಚೈನ್ ಮೇಲಿದ್ದೂ ಅರ್ಥ ಆಗತ್ತೆ. ನೀವು ಕೀ ಚೈನಾ? ಇಂಗ್ಲಿಷೇ ಮೊದಲು ‘ನಂಗೆ’ ಭಾಷೆ ಆಗಿತ್ತು ಮಾರಾಯ್ರೆ. ಹಳೇ ಇಂಗ್ಲಿಷಿನಲ್ಲಿ ಲೈಕ್ ಅನ್ನೋ ಕ್ರಿಯಾಪದ ಚತುರ್ಥಿಯನ್ನೇ ಕೇಳ್ತಿತ್ತು. ಅವರು ಬಿಟ್ಟರು. ನಾವು ಯಾಕೆ ಬಿಡಬೇಕು?

‘ಪ್ರೀತಿಗೆ ಭಾಷೆ ಬೇಡ, ಕಣ್ಣು ಸಾಕು.’ ಬಂತು ನೋಡಿ. ಕಣ್ಣು ಸಾಕಾದ್ರೆ ನಾಳೆ ಅಂಕೋಲಾ ಬಸ್ಸು ಹತ್ತಿ ಕಂಡಕ್ಟರ್ ಹತ್ರ ಟಿಕೆಟ್ಟೂ ಕಣ್ಣಲ್ಲೇ ಕೇಳಿ.

‘ಅರಬ್ಬಿಯಲ್ಲಿ ನಡಿಯಲ್ಲ’ ಅಂತ ಭಟ್ಕಳದ ಕಡೆಯವರು, ಗಲ್ಫಲ್ಲಿ ಇದ್ದವರು ಬರೀತಾರೆ, ಗೊತ್ತಿದೆ. ಅಲ್ಲಿ ಹೆಂಗಸಿಗೆ ‘ಅಹಿಬ್ಬಿಚ್’, ಗಂಡಸಿಗೆ ‘ಅಹಿಬ್ಬಕ್’. ಸರಿ. ಆದ್ರೆ ಪುಸ್ತಕದ ಅರಬ್ಬಿಯಲ್ಲಿ ಗಂಡಸಿಗೆ ‘ತುಅಜಿಬುನೀ’, ಹೆಂಗಸಿಗೆ ‘ತುಅಜಿಬೀನನೀ’ ಇದೆ, ‘ನಂಗೆ ಹಿಡಿಸ್ತೀಯ’. ನಡೀತು. ಮುಂದೆ.

ಹೇಳೋದು ಹೇಗೆ ಅಂತಲೂ ಕೇಳಿ. ವಾಕ್ಯ ಕನ್ನಡ ಲಿಪಿಯಲ್ಲಿ ಚೀಟಿ ಮೇಲೆ ಬರೀರಿ. ಮೂರು ತುಂಡು ಮಾಡಿ: ನಂಗೆ ಅನ್ನೋ ತುಂಡು, ನೀನು ಅನ್ನೋ ತುಂಡು, ಮತ್ತೆ ಬಾಲ, ಅಂದ್ರೆ ‘ಇಷ್ಟ’ ಅನ್ನೋ ತುಂಡು. ಆ ಭಾಷೆಯವರ ಹತ್ರ ಒಮ್ಮೆ ಹೇಳಿಸಿ ರೆಕಾರ್ಡ್ ಮಾಡ್ಕೊಳ್ಳಿ. ನೀವು ಗಂಡೋ ಹೆಣ್ಣೋ, ಹೇಳೋದು ಯಾರಿಗೆ, ಎರಡೂ ಅವರಿಗೆ ಮೊದಲೇ ತಿಳಿಸಿ. ಬಾಲವನ್ನ ಹತ್ತು ಸಲ ಹೇಳಿ, ತಪ್ಪು ಆಗೋದೆಲ್ಲ ಬಾಲದಲ್ಲೇ. ಹೇಳೋವಾಗ ‘ನಂಗೆ’ ಆದ ಮೇಲೆ ಒಂದು ಉಸಿರಿನಷ್ಟು ನಿಲ್ಲಿ. ಎರಡು ಉಸಿರು ನಿಂತ್ರೆ ಸಾಲ ಕೇಳ್ತಿದ್ದಾರೆ ಅಂದ್ಕೊಳ್ತಾರೆ.

ಮತ್ತೆ... ಸ್ಕ್ರಿಪ್ಟಲ್ಲಿ ಇಲ್ಲಿ ‘ಐದನೇ ಕಾರಣ’ ಅಂತ ಬರೆದಿದೆ, ಎದುರಿಗೆ ಏನೂ ಇಲ್ಲ. ಬೇಕೇ ಇಲ್ಲ ಬಿಡಿ. ನಂಗೆ, ಮುಝೇ, ಮಲಾ, ಮಾಕಾ, ಎನಿಕ್ಕ್, ಎಂಕ್, ನಾಕು, ಎನಕ್ಕು, ಮ್ನ್ಯೆ, ಮೆ, ಮಿ! ಇಷ್ಟು ಕಡೆ ಕಣ್ಣಿಗೆ ಹೊಡೆದ ಹಾಗೆ ಕಾಣ್ತಿದೆ, ಇನ್ನೂ ಲಿಸ್ಟ್ ಕೇಳ್ತಾರೆ! 20 ಭಾಷೆ ಅಂತೆ. ನಂಗೆ! ನಂಗೆ ಅಂತ ಹೇಳೋಕೆ ಎಂತ ಕಷ್ಟ?

ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ, ಟೀ ಶರ್ಟ್ ಡಬಲ್ ಎಕ್ಸೆಲ್ ಇದೆ ಅಂತ ಮತ್ತೊಮ್ಮೆ ಹೇಳ್ತೇನೆ. ನಿಮ್ಮ ಭಾಷೆಯ ‘ನಂಗೆ’ ವಾಕ್ಯ ಕೆಳಗೆ ಹಾಕಿ, ಬಾಲದ ಸಮೇತ. ಆ್ಯಪಿನ ಸ್ಕ್ರೀನ್‌ಶಾಟ್ ಹಾಕಿದ್ರೆ ಡಿಲೀಟ್ ಮಾಡ್ತೇನೆ. ನಂಗೆ ಅದು ಇಷ್ಟ ಇಲ್ಲ.