ಕುಂಟುತ್ತಿಲ್ಲ ಅಂದ್ರೆ ನೋವಿಲ್ಲ ಅಂತಲ್ಲ

ನಮ್ಮನೆ ಲ್ಯಾಬ್ರಡಾರ್‌ಗೆ ಆಗ 7 ತಿಂಗಳು. ಮಲಗಿದ್ದವಳು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಮುಂಗಾಲು ಬಿಗಿಬಿಗಿ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಟ. ನಿಂತಾಗ ನೋಡಿದ್ರೆ ಮೊಣಕೈ ಎದೆಗೆ ಅಂಟಿಕೊಂಡಿರೋದು, ಪಾದ ಹೊರಕ್ಕೆ ತಿರುಗಿರೋದು. "ಬೆಳೆಯೋ ಮರಿ, ತಾನಾಗೇ ಸರಿಹೋಗುತ್ತೆ" ಅಂದ್ರು. ನಾನೂ ಸುಮ್ಮನಾದೆ. ಹಾಗೆ ಸುಮ್ಮನಿದ್ದ ಮೂರು ತಿಂಗಳು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತೆ.

ಅದು ಎಲ್ಬೋ ಡಿಸ್‌ಪ್ಲೇಸಿಯಾ. ವಂಶದಿಂದ ಬರೋ ಮೊಣಕೈ ಕೀಲಿನ ತೊಂದರೆ. ರಾಟ್‌ವೈಲರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳಲ್ಲೂ ಇದು ಸಾಮಾನ್ಯ. ಲಕ್ಷಣ ಶುರುವಾಗೋದು ಹೆಚ್ಚಾಗಿ ಒಂದು ವರ್ಷ ತುಂಬೋದ್ರೊಳಗೆ. ಎಷ್ಟೋ ಸಲ ಎರಡೂ ಮೊಣಕೈಯಲ್ಲಿ ಇರುತ್ತೆ. ಎರಡೂ ಕಾಲು ನೋಯ್ತಿದ್ರೆ ಪಾಪ ಯಾವ ಕಾಲನ್ನ ಎತ್ತಿಕೊಂಡು ಕುಂಟಬೇಕು ಹೇಳಿ? ಅದಕ್ಕೇ ನಮ್ಮ ಕಣ್ಣಿಗೆ ಬೀಳಲ್ಲ.

ಒಂದು ಕೆಲಸ ಮಾಡಿ. ನಾಯಿ ನಿಮ್ಮ ಕಡೆಗೆ ನಡೆದು ಬರೋದನ್ನ ಎದುರಿಂದ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ನೋಡಿ. ನೋವಿರೋ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತೆ. ಆ ವಿಡಿಯೊನ ಡಾಕ್ಟರಿಗೂ ತೋರಿಸಿ. ಆಸ್ಪತ್ರೆಗೆ ಹೋದ ತಕ್ಷಣ ಗಾಬರಿಗೆ ನಾಯಿ ನೋವನ್ನ ಮುಚ್ಚಿಟ್ಟುಕೊಂಡು ನಡೆಯೋದುಂಟು.

ಇನ್ನು ಎಕ್ಸ್-ರೇ. "ಕ್ಲೀನ್ ಇದೆ" ಅಂತ ಕೇಳಿ ನಿಟ್ಟುಸಿರು ಬಿಟ್ಟು ಮನೆಗೆ ಬಂದುಬಿಡಬೇಡಿ. ಕೀಲಿನ ಒಳಬದಿಯಲ್ಲಿ ಕೊರೊನಾಯ್ಡ್ ಅಂತ ಒಂದು ಪುಟ್ಟ ಎಲುಬಿನ ತುದಿ ಇದೆ. ಅದು ಬಿರುಕು ಬಿಟ್ಟಿದ್ರೂ ಎಕ್ಸ್-ರೇಯಲ್ಲಿ ಪಕ್ಕದ ಎಲುಬು ಅದರ ಮೇಲೇ ಬಂದು ಕೂರುತ್ತೆ, ಒಡೆದ ಚೂರು ಕಾಣೋದೇ ಇಲ್ಲ. ನಮ್ಮವಳದ್ದೂ ಹಾಗೇ ಆಗಿತ್ತು. ಕೊನೆಗೆ ಸಿಟಿ ಸ್ಕ್ಯಾನ್‌ನಲ್ಲಿ ಅಕ್ಕಿಕಾಳಿನಷ್ಟು ಚೂರು ಸ್ಪಷ್ಟವಾಗಿ ಕಾಣ್ತು. ಮೃದ್ವಸ್ಥಿ, ಅಂದ್ರೆ ಕೀಲಿನೊಳಗೆ ಎಲುಬಿನ ಮೇಲಿರೋ ನುಣುಪು ಪದರ, ಎಷ್ಟು ಸವೆದಿದೆ ಅಂತ ಕಣ್ಣಾರೆ ನೋಡೋಕೆ ಆರ್ಥ್ರೋಸ್ಕೋಪಿ, ಅಂದ್ರೆ ಕೀಲಿನೊಳಗೆ ಸಣ್ಣ ಕ್ಯಾಮೆರಾ ಬಿಡ್ತಾರೆ. ಎಲ್ಲಾ ನಾಯಿಗೂ ಇಷ್ಟೆಲ್ಲ ಬೇಕಾಗಲ್ಲ. ಆದ್ರೆ ಮೊಣಕೈ ಪೂರ್ತಿ ಚಾಚಿದಾಗ ಮರಿ ಕಾಲು ಎಳೆದುಕೊಳ್ತಾ ಇದ್ರೆ, ಒಂದು ಎಕ್ಸ್-ರೇ ಫಿಲ್ಮ್ ನೋಡಿ "ಏನಿಲ್ಲ" ಅನ್ನೋದನ್ನ ನಾನಂತೂ ಒಪ್ಪಲ್ಲ.

ನನ್ನ ನಿಜವಾದ ಸಿಟ್ಟು ಇರೋದು ಬ್ರೀಡಿಂಗ್ ಮೇಲೆ. ಇಂಟರ್‌ನ್ಯಾಷನಲ್ ಎಲ್ಬೋ ವರ್ಕಿಂಗ್ ಗ್ರೂಪ್ ಅಂತ ಒಂದು ಗುಂಪು 1989ರಲ್ಲೇ ಶುರುವಾಯ್ತು. ನಾಯಿಗೆ 12 ತಿಂಗಳು ತುಂಬಿದ ಮೇಲೆ ಎರಡೂ ಮೊಣಕೈ ಎಕ್ಸ್-ರೇ ತೆಗೆದು 0ಯಿಂದ 3ರವರೆಗೆ ಗ್ರೇಡ್ ಕೊಡೋ ಪದ್ಧತಿ ಅವರದ್ದು. 0 ಅಂದ್ರೆ ಚೆನ್ನಾಗಿದೆ, 3 ಅಂದ್ರೆ ತೀವ್ರ. ಈ ತೊಂದರೆ ಹಿಂದೆ ಒಂದೇ ಜೀನ್ ಇಲ್ಲ, ಹಲವು ಸೇರಿವೆ. ಹಾಗಾಗಿ ಅಪ್ಪ-ಅಮ್ಮ ಎರಡೂ 0 ಇದ್ರೂ ಮರಿಗೆ ಬರಬಹುದು. ಆದ್ರೆ ಪರೀಕ್ಷೇನೇ ಮಾಡಿಸದೆ ಜೋಡಿ ಮಾಡೋದು, ಹುಟ್ಟೋ ಮರಿಗಳ ಕಾಲಿನ ಜೊತೆ ಆಡೋ ಜೂಜು.

ಮರಿ ತರೋಕೆ ಹೋದಾಗ ಅಪ್ಪ-ಅಮ್ಮ ಗೆದ್ದ ಟ್ರೋಫಿ, ಮೆಡಲ್ ಎಲ್ಲಾ ತೋರಿಸ್ತಾರೆ. ಸೊಂಟದ ಕೀಲಿನ ಪರೀಕ್ಷೆ ರಿಪೋರ್ಟೂ ಕೆಲವರು ಕೊಡ್ತಾರೆ. ಮೊಣಕೈದು ಎಲ್ಲಿ ಅಂತ ಕೇಳಿ. ಕೊಡದೇ ಇದ್ರೆ ಮರಿ ಎಷ್ಟೇ ಮುದ್ದಾಗಿದ್ರೂ ಎತ್ತಿಕೊಳ್ಳೋ ಮೊದಲೇ ಎದ್ದು ಬನ್ನಿ.