ಕೇಳುವ ಕಿವಿ

ಪ್ರಿಯ ಕೇಳುಗರೇ, ನಮಸ್ಕಾರ.

‘ಕೇಳುಗರೇ’ ಅಂತ ನಿಮ್ಮನ್ನು ಕರೆದೆ. ಈ ಮಾತು ಬಾನುಲಿಯಲ್ಲಿ ದಿನಾ ಬರುತ್ತದೆ, ನಾವು ಅದನ್ನು ಗಮನಿಸುವುದೇ ಇಲ್ಲ. ಆದರೆ ಕನ್ನಡದ ‘ಕೇಳು’ ಅನ್ನುವ ಪದ ದೊಡ್ಡದು. ಹಾಡು ಕೇಳುತ್ತೇವೆ, ಅದು ಕಿವಿಯ ಕೆಲಸ. ದಾರಿ ಕೇಳುತ್ತೇವೆ, ಅದು ಬಾಯಿಯ ಕೆಲಸ. ‘ಈ ಹುಡುಗ ಹೇಳಿದ ಮಾತು ಕೇಳೋದಿಲ್ಲ’ ಅನ್ನುತ್ತೇವೆ. ಅವನ ಕಿವಿ ಚೆನ್ನಾಗೇ ಇರುತ್ತದೆ, ಹೇಳಿದಂತೆ ನಡೆಯುವುದಿಲ್ಲ, ಅಷ್ಟೇ ಅಲ್ವಾ?

ಬೈಬಲಿನ ಹೀಬ್ರೂ ಭಾಷೆಯಲ್ಲೂ ‘ಶಮ’ ಎಂಬ ಪದಕ್ಕೆ ಕೇಳುವುದು, ಕೇಳಿದಂತೆ ನಡೆಯುವುದು, ಎರಡೂ ಅರ್ಥ ಇದೆ. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅವರಿಗೆ ‘ಕೇಳು’ ಅನ್ನುವ ಪದ ನಮ್ಮ ಭಾಷೆಯಲ್ಲಿ ಸಿದ್ಧವಾಗಿಯೇ ಸಿಕ್ಕಿತು.

ಇವತ್ತು ನಾನು ಮಾತಾಡಬೇಕೆಂದಿರುವುದು ಬಿತ್ತುವವನ ಸಾಮ್ಯದ ಬಗ್ಗೆ. ಸಾಮ್ಯ ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಯೇಸುವಿನ ಜೀವನ ಬರೆದ ಮತ್ತಾಯ, ಮಾರ್ಕ, ಲೂಕ, ಮೂವರೂ ಇದನ್ನು ಬರೆದಿದ್ದಾರೆ. ಗಲಿಲಾಯ ಸಮುದ್ರದ ದಡದಲ್ಲಿ ಜನ ಸೇರಿದ್ದಾರೆ. ನೂಕುನುಗ್ಗಲು ಜಾಸ್ತಿಯಾಗಿ ಯೇಸು ದೋಣಿ ಹತ್ತಿ ಕೂತು ಬೋಧಿಸುತ್ತಾನೆ. ಬಿತ್ತುವವನು ಹೊರಟ. ಕೆಲವು ಬೀಜ ದಾರಿಯ ಮೇಲೆ ಬಿದ್ದವು, ಹಕ್ಕಿ ತಿಂದವು. ಕೆಲವು ಬಂಡೆಯ ನೆಲದಲ್ಲಿ ಬೇಗ ಮೊಳೆತು ಬಿಸಿಲಿಗೆ ಬಾಡಿದವು. ಕೆಲವನ್ನು ಮುಳ್ಳು ಅಡಗಿಸಿತು. ಒಳ್ಳೆಯ ನೆಲಕ್ಕೆ ಬಿದ್ದವು ಮೂವತ್ತು, ಅರವತ್ತು, ನೂರರಷ್ಟು ಫಲ ಕೊಟ್ಟವು.

ನಮ್ಮ ಅಜ್ಜ ಗದಗಿನ ಕಡೆಯ ಒಕ್ಕಲಿಗ. ಯರೆಭೂಮಿ, ಹಿಂಗಾರಿ ಜೋಳ. ಅವರ ಬಿತ್ತನೆ ಎಲ್ಲ ಕೂರಿಗೆಯಲ್ಲಿ. ಎತ್ತು ಮುಂದೆ ನಡೆದರೆ, ಹಿಂದೆ ಒಬ್ಬರು ಕೂರಿಗೆ ಬಟ್ಟಲಿಗೆ ಹಿಡಿಹಿಡಿ ಕಾಳು ಬಿಡುತ್ತಾ ಬರಬೇಕು. ಒಂದು ಕಾಳೂ ಸಾಲು ಬಿಟ್ಟು ಬೀಳಬಾರದು. ಹಾಗಾಗಿ ಈ ಸಾಮ್ಯ ಓದಿದಾಗ ನಾನು ಅಜ್ಜನನ್ನು ಕೇಳಿದ್ದೆ, ‘ಅಷ್ಟು ಕಾಳು ದಾರಿ ಮೇಲೆ ಯಾಕೆ ಹಾಳು ಮಾಡಿದ ಅಜ್ಜಾ?’ ಆ ನಾಡಿನಲ್ಲಿ ಬೀಜವನ್ನು ಕೈಯಿಂದ ಎರಚಿ ಬಿತ್ತುತ್ತಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜನಿಗೂ ಅದು ಗೊತ್ತಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

‘ಆ ದಾರಿನೂ ಮೊದಲ ಹೊಲಾನ ಇತ್ತೋ ತಮ್ಮಾ. ಮಂದಿ ತುಳದ ತುಳದ ಗಟ್ಟಿ ಆಗೇತಿ.’

ಆ ಮಾತು ನನ್ನನ್ನು ಬಿಟ್ಟಿಲ್ಲ. ಸಾಮ್ಯದಲ್ಲಿ ಬೀಜ ಅಂದರೆ ದೇವರ ವಾಕ್ಯ, ನೆಲ ಅಂದರೆ ಅದನ್ನು ಕೇಳುವವರು. ದಾರಿಯ ನೆಲ ಅಂದರೆ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಗೊತ್ತಿಲ್ಲದವರು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಹೆಚ್ಚು ತುಳಿತಕ್ಕೆ ಸಿಕ್ಕ ನೆಲ ಅದು. ಹುಟ್ಟಿದಾಗಿನಿಂದ ದೇವಾಲಯದ ಬೆಂಚಿನ ಮೇಲೆ ಕೂತವನು ನಾನು. ಭಾನುವಾರದಿಂದ ಭಾನುವಾರಕ್ಕೆ ವಾಕ್ಯ ನನ್ನ ಮೇಲೆ ನಡೆದು ಹೋಗಿದೆ. ಸಭಾಪಾಲಕರು ಅರ್ಧ ವಚನ ಓದಿದರೆ ಉಳಿದರ್ಧ ನನ್ನ ಬಾಯಲ್ಲಿ. ಗೊತ್ತಿದೆ ಅನ್ನುವ ಆ ಭಾವನೆಯೇ ನೆಲವನ್ನು ಗಟ್ಟಿ ಮಾಡುತ್ತದೆ.

ಹಾಗಾದರೆ ಗಟ್ಟಿ ನೆಲ ಸಡಿಲವಾಗುವುದು ಹೇಗೆ? ಮಾರ್ಕನ ನಾಲ್ಕನೇ ಅಧ್ಯಾಯ ನೋಡಿ. ‘ಕಿವಿಯುಳ್ಳವನು ಕೇಳಲಿ’ ಎಂದು ಯೇಸು ಮಾತು ಮುಗಿಸುತ್ತಾನೆ. ಕೆಲವರು, ಹನ್ನೆರಡು ಮಂದಿ ಶಿಷ್ಯರೂ ಸೇರಿ, ಸುಮ್ನೆ ಎದ್ದು ಹೋಗದೆ ಅವನ ಸುತ್ತ ಉಳಿದುಕೊಂಡರು. ಉಳಿದು ಏನು ಮಾಡಿದರು? ಇದರ ಅರ್ಥವೇನು ಎಂದು ಕೇಳಿದರು! ಸಾಮ್ಯದ ಅರ್ಥ ದೊರೆತದ್ದು ಹಾಗೆ ಕೇಳಿದವರಿಗೆ. ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದ ಪಂಚಾಶತ್ತಮ ಹಬ್ಬದ ದಿನ ಅವರಲ್ಲೊಬ್ಬನಾದ ಪೇತ್ರನ ಪ್ರಸಂಗ ಕೇಳಿದ ಜನರದ್ದೂ ಇದೇ ಕಥೆ. ಅವರ ಎದೆಗೆ ಅಲಗು ನೆಟ್ಟಂತಾಯಿತು. ಪ್ರಸಂಗ ಚೆನ್ನಾಗಿತ್ತು ಅಂತ ಯಾರೂ ಹೇಳಲಿಲ್ಲ. ‘ಸಹೋದರರೇ, ನಾವೇನು ಮಾಡಬೇಕು?’ ಅಂದರು.

ನನ್ನ ಜೀವನದಲ್ಲಿ ಆ ಪ್ರಶ್ನೆ ಬಂದದ್ದು ತಡವಾಗಿ. ಹೊಲ ಪಾಲು ಮಾಡುವಾಗ ನಮ್ಮ ಅಣ್ಣನಿಗೂ ನನಗೂ ಬದುವಿನ ಮೇಲಿನ ಒಂದು ಬೇವಿನ ಮರದ ಸಲುವಾಗಿ ಮಾತಿಗೆ ಮಾತು ಬೆಳೆಯಿತು. ನಾನು ಆಡಬಾರದ ಮಾತು ಆಡಿದೆ. ನಾಲ್ಕು ವರ್ಷ ಇಬ್ಬರೂ ಮಾತಾಡಲಿಲ್ಲ. ಆ ನಾಲ್ಕು ವರ್ಷವೂ ನಾನು ಹುಬ್ಬಳ್ಳಿಯಲ್ಲಿ ಆರಾಧನೆ ತಪ್ಪಿಸಿದವನಲ್ಲ.

ಒಂದು ಭಾನುವಾರ ಮತ್ತಾಯನ ಐದನೇ ಅಧ್ಯಾಯ ಓದಿದರು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಂದಿಗೆ ಒಂದಾಗು. ನೂರು ಸಲ ಕೇಳಿದ ಮಾತೇ. ಅದಾದ ಮೇಲೆ ಕಾಣಿಕೆ ಚೀಲ ಬಂತು. ಕೆಂಪು ಮಖಮಲ್ಲಿನ ಚೀಲ, ಮರದ ಹಿಡಿ. ಪಕ್ಕದವರು ನನ್ನ ಕಡೆ ಚಾಚಿದರು. ನನ್ನ ಕೈ ಜೇಬಿನಲ್ಲಿ ನೋಟಿನ ಮೇಲೆ ಇತ್ತು. ಹೊರಗೆ ಬರಲಿಲ್ಲ. ಚೀಲ ಮುಂದೆ ಹೋಯಿತು.

ಮಧ್ಯಾಹ್ನ ಊಟ ಬಿಟ್ಟು ಗದಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡದ್ದೆಲ್ಲ ಬಾಗಿಲಲ್ಲಿ ಅಣ್ಣನ ಮುಖ ಕಂಡಾಗ ಮರೆತುಹೋಯಿತು. ‘ಯಣ್ಣಾ, ತಪ್ಪಾತು’ ಅಂದೆ. ಅಷ್ಟೇ ಬಂತು. ಅವನು ಬಾಗಿಲು ಹಿಡಿದು ನಿಂತೇ ಇದ್ದ. ಆಮೇಲೆ, ‘ಉಂಡಿಯೋ ಇಲ್ಲೋ?’ ಅಂದ.

ಅವತ್ತೇ ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಮಾತು ಮೊದಲಿನಂತೆ ಸಲೀಸಾಗಲು ತಿಂಗಳುಗಳೇ ಹಿಡಿದವು. ಒಳ್ಳೆಯ ನೆಲದವರು ತಾಳ್ಮೆಯಿಂದ ಫಲ ಕೊಡುತ್ತಾರೆ ಎಂದು ಲೂಕ ಬರೆದದ್ದು ಸುಮ್ನೆ ಅಲ್ಲ. ಹಿಂಗಾರಿ ಜೋಳ ಬಿತ್ತಿದವರಿಗೆ ಅದು ಗೊತ್ತು. ನವರಾತ್ರಿಯ ಸುಮಾರಿಗೆ ಬಿತ್ತಿದರೆ ಕೊಯ್ಲು ಸಂಕ್ರಾಂತಿ ದಾಟಿದ ಮೇಲೆ. ನಡುವೆ ಎಡೆ ಹೊಡೆಯಬೇಕು, ಕಸ ತೆಗೆಯಬೇಕು, ಹಕ್ಕಿ ಕಾಯಬೇಕು.

ಆ ಸಂಜೆ ಅಣ್ಣ ಚಹಾದ ಲೋಟ ಕೈಗೆ ಕೊಟ್ಟು ಕೇಳಿದ, ‘ಇವತ್ತ ಗುಡಿಯೊಳಗ ಪ್ರಸಂಗ ಏನಿತ್ತು?’ ನಾನು ಬೈಬಲ್ ತೆಗೆದು ಆ ವಚನ ಓದಿದೆ. ಅವನು ಕೇಳಿದ. ಜೇಬಿನಲ್ಲಿ ಉಳಿದಿದ್ದ ಆ ನೋಟು ಮುಂದಿನ ಭಾನುವಾರ ಚೀಲಕ್ಕೆ ಹೋಯಿತು.

ನಮಸ್ಕಾರ.