ಕುದುರೆಯ ಮುಖದಲ್ಲಿ ನೋವು

ನಮಸ್ಕಾರ. ಜಟಕಾ ಕಟ್ಟುವವರು, ಲಾಯ ನೋಡಿಕೊಳ್ಳುವವರು ಈ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ನೋವಾದರೆ ಕುದುರೆ ನಾಯಿಯ ಹಾಗೆ ಅರಚುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಕಿವಿ ನಿಮಿರಿಸಿ, ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತದೆ. ಹಾಗಾಗಿ ಮೊದಲು ಅದರ ಕಣ್ಣಿಗೆ ಬೀಳದಂತೆ ದೂರ ನಿಂತು ಒಂದೆರಡು ನಿಮಿಷ ನೋಡಿ. ಆಗ ಅದು ಮೇಯುತ್ತಿರಬಾರದು, ಬಾಯಲ್ಲಿ ಕಡಿವಾಣವೂ ಇರಬಾರದು.

ಶಸ್ತ್ರಕ್ರಿಯೆಯಿಂದ ಬೀಜ ತೆಗೆಸಿದ ಗಂಡು ಕುದುರೆಗಳ ಮುಖ ಗಮನಿಸಿ, 2014ರಲ್ಲಿ ಸಂಶೋಧಕರು ನೋವಿಗೊಂದು ಅಳತೆ ಪ್ರಕಟಿಸಿದರು. ಕಿವಿ, ರೆಪ್ಪೆ, ಕಣ್ಣಿನ ಮೇಲ್ಭಾಗ, ದವಡೆಯ ಸ್ನಾಯು, ಬಾಯಿ ಮತ್ತು ಗದ್ದ, ಮೂಗಿನ ಹೊಳ್ಳೆ, ಹೀಗೆ ಆರು ಕಡೆ ನೋಡಬೇಕು. ಒಂದೊಂದಕ್ಕೂ 0, 1 ಅಥವಾ 2 ಅಂಕ, ಹೆಚ್ಚೆಂದರೆ 12.

ಕಿವಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಸಿಟ್ಟು ಬಂದ ಕುದುರೆ ಕಿವಿಯನ್ನು ಕತ್ತಿಗೆ ಅಂಟಿಸಿಬಿಡುತ್ತದೆ. ನೋವಿನ ಕಿವಿ ಹಾಗಲ್ಲ: ಸೆಟೆದು ಹಿಂದಕ್ಕೆ ತಿರುಗಿರುತ್ತದೆ, ಎರಡು ಕಿವಿಗಳ ನಡುವಿನ ಅಂತರ ಅಗಲವಾಗಿರುತ್ತದೆ. ಇದನ್ನು ಮೊಂಡುತನವೆಂದು ತಿಳಿದು ಛಡಿ ಎತ್ತುವುದು ದೊಡ್ಡ ಅನ್ಯಾಯ.

ಅರ್ಧ ಮುಚ್ಚಿದ ಕಣ್ಣೂ ಮೋಸಮಾಡುತ್ತದೆ. ತೂಕಡಿಸುವ ಕುದುರೆಯದೂ ಹಾಗೇ ಇರುತ್ತದಲ್ಲ! ಆಗ ಬಾಯಿ ನೋಡಿ. ತೂಕಡಿಕೆಯಾದರೆ ಕೆಳತುಟಿ ಸಡಿಲವಾಗಿ ಜೋತುಬಿದ್ದಿರುತ್ತದೆ. ನೋವಾದರೆ ತುಟಿ ಬಿಗಿದು, ಗದ್ದ ಗಟ್ಟಿ ಉಂಡೆಯಂತೆ ಎದ್ದು ಕಾಣುತ್ತದೆ. ದವಡೆಯ ಸ್ನಾಯು ಗೆರೆ ಎಳೆದಂತೆ ಉಬ್ಬಿರುತ್ತದೆ. ಹೊಳ್ಳೆ ಬಿಗಿದು ಹಿಗ್ಗಿರುತ್ತದೆ. ಕಣ್ಣಿನ ಮೇಲಿನ ಎಲುಬು ಎದ್ದುಬರುತ್ತದೆ. ಒಂದೇ ಕಣ್ಣು ಮುಚ್ಚಿದ್ದರೆ, ನೀರು ಸುರಿಯುತ್ತಿದ್ದರೆ, ಆ ಕಣ್ಣಿಗೇ ಪೆಟ್ಟಾಗಿರಬಹುದು. ಅದಕ್ಕೂ ಕಾಯದೆ ವೈದ್ಯರನ್ನು ಕರೆಸಿ.

ಒಂದೇ ಗುರುತು ಹಿಡಿದು ತೀರ್ಮಾನ ಬೇಡ. ಆರೋಗ್ಯವಾಗಿದ್ದಾಗಲೇ, ಕಣ್ಣಿನ ಮಟ್ಟದಲ್ಲಿ ಫೋನು ಹಿಡಿದು ಪಕ್ಕದಿಂದ ಅದರ ಮುಖದ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು ಕುದುರೆಗಳ ಕಣ್ಣಿನ ಮೇಲೆ ಹುಟ್ಟಿನಿಂದಲೇ ಸುಕ್ಕು ಇರುತ್ತದೆ. ಹೋಲಿಸಿದರೇ ವ್ಯತ್ಯಾಸ ಗೊತ್ತಾಗುವುದು.

ಮುಖ ಬಿಗಿದಿದೆ ಅನ್ನಿಸಿದರೆ ನಾಡಿ ಹಿಡಿಯಿರಿ. ದವಡೆಯ ಕೆಳ ಅಂಚಿನ ಒಳಬದಿಯಲ್ಲಿ ಹಗ್ಗದಂಥ ರಕ್ತನಾಳ ಬೆರಳಿಗೆ ಸಿಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. ಅದು 60 ದಾಟಿ, ಕುದುರೆ ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತಿದ್ದರೆ ಹೊಟ್ಟೆಶೂಲೆ ಇರಬಹುದು. ಮೇವು ತೆಗೆದುಬಿಡಿ, ಪಶುವೈದ್ಯರಿಗೆ ಕೂಡಲೇ ಫೋನು ಮಾಡಿ. ಅವರನ್ನು ಕೇಳದೆ ನೋವಿನ ಔಷಧಿ ಹಾಕಬೇಡಿ. ಹಾಕಿದರೆ ಮುಖದ ಬಿಗಿ ಸಡಿಲವಾಗುತ್ತದೆ, ಒಳಗಿನ ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ.